ಟೆಂಡರ್ ಕಾಗದದಲ್ಲಿ ಉಳಿದ ಹೆಸರು: ಜಾನ್ ಲೌಡನ್ ಮೆಕಾಡಂ

ರಸ್ತೆ ಕಾಮಗಾರಿಯ ಟೆಂಡರ್ ಜಾಹೀರಾತನ್ನು ಯಾರೂ ಪೂರ್ತಿ ಓದುವುದಿಲ್ಲ. ಒಮ್ಮೆ ಓದಿ ನೋಡಿ. ವಾಟರ್ ಬೌಂಡ್ ಮೆಕಾಡಂ, ವೆಟ್ ಮಿಕ್ಸ್ ಮೆಕಾಡಂ, ಡೆನ್ಸ್ ಬಿಟುಮಿನಸ್ ಮೆಕಾಡಂ ಎಂಬ ಪದಗಳು ಒಂದರ ಹಿಂದೆ ಒಂದು ಬರುತ್ತವೆ. ಕಂಟ್ರಾಕ್ಟರ್‌ಗಳೂ ಜೂನಿಯರ್ ಎಂಜಿನಿಯರ್‌ಗಳೂ ದಿನಕ್ಕೆ ಹತ್ತು ಸಲ ಹೇಳುವ ಈ ಮೆಕಾಡಂ ಎಂಬುದು ಯಾವುದೋ ಯಂತ್ರವೂ ಅಲ್ಲ, ಸಿಮೆಂಟಿನ ಬ್ರಾಂಡೂ ಅಲ್ಲ. ಅದು ಸ್ಕಾಟ್ಲೆಂಡಿನ ಒಬ್ಬ ಮನುಷ್ಯನ ಹೆಸರು. ತೀರಿಕೊಂಡು ಇನ್ನೂರು ವರ್ಷ ಸಮೀಪಿಸುತ್ತಿದ್ದರೂ ಜಲ್ಲಿ ರಾಶಿ ಬಿದ್ದ ಕಡೆಯೆಲ್ಲ ಅವರ ಹೆಸರು ಕೇಳಿಸುತ್ತದೆ.

ಈ ಸಂಚಿಕೆಗೆ ಒಬ್ಬ ವಿಜ್ಞಾನಿ ಅಥವಾ ಎಂಜಿನಿಯರ್ ಬಗ್ಗೆ ಬರೆಯಿರಿ ಎಂದು ನಮ್ಮ ಫಿಸಿಕ್ಸ್ ಲೆಕ್ಚರರ್ ಹೇಳಿದಾಗ ನನ್ನ ಗೆಳೆಯರು ಇಬ್ನುಲ್ ಹೈಸಮ್, ನ್ಯೂಟನ್, ವಿಶ್ವೇಶ್ವರಯ್ಯ, ಕಲಾಂ ಅವರನ್ನೆಲ್ಲ ಮೊದಲೇ ಹಂಚಿಕೊಂಡುಬಿಟ್ಟರು. ನಾನು ಮೆಕಾಡಂ ಅವರನ್ನು ಆರಿಸಿಕೊಂಡದ್ದು ಉಳಿದವರು ಯಾರೂ ಇರಲಿಲ್ಲ ಎಂದಲ್ಲ. ನನ್ನ ಮಾಮುವಿಗೆ ಹೆದ್ದಾರಿ ಪಕ್ಕದಲ್ಲಿ ಲಾರಿ ಕಮಾನು ರಿಪೇರಿಯ ಶೆಡ್ ಇದೆ. ರಸ್ತೆ ಹಾಳಾಗುವುದು ಲಾರಿಯಿಂದ ಎಂದು ಬಸ್ಸಿನಲ್ಲಿ ಹೋಗುವವರು ಹೇಳುತ್ತಾರೆ, ಲಾರಿ ಹಾಳಾಗುವುದು ರಸ್ತೆಯಿಂದ ಎಂದು ಮಾಮುವಿನ ಶೆಡ್ಡಿಗೆ ಬರುವ ಡ್ರೈವರ್‌ಗಳು ಹೇಳುತ್ತಾರೆ. ಚಿಕ್ಕಂದಿನಿಂದ ಈ ಎರಡೂ ಮಾತು ಕೇಳಿ ಬೆಳೆದವರಿಗೆ ಮೆಕಾಡಂ ಅವರ ಜೀವನ ಬೇರೆಯವರ ಕತೆ ಅನ್ನಿಸುವುದಿಲ್ಲ. ಅವರ ಕಾಲದಲ್ಲೂ ಜಗಳ ಇದೇ ಆಗಿತ್ತು. ಲಾರಿಯ ಜಾಗದಲ್ಲಿ ಕುದುರೆ ಎಳೆಯುವ ಭಾರೀ ವ್ಯಾಗನ್ ಇತ್ತು, ಅಷ್ಟೆ.

ಜಾನ್ ಲೌಡನ್ ಮೆಕಾಡಂ ಹುಟ್ಟಿದ್ದು 1756ರ ಸೆಪ್ಟೆಂಬರ್ ತಿಂಗಳಲ್ಲಿ, ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ. ಹತ್ತು ಮಕ್ಕಳಲ್ಲಿ ಕೊನೆಯವರು. ತಂದೆ ಜಮೀನುದಾರ, ಬ್ಯಾಂಕ್ ವ್ಯವಹಾರದಲ್ಲೂ ಕೈ ಹಾಕಿದ್ದವರು. ಮನೆತನಕ್ಕೆ ಹೆಸರಿತ್ತು, ಹಣ ಮಾತ್ರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಜಾನ್ ಇನ್ನೂ ಮಗುವಾಗಿದ್ದಾಗ ಮನೆಗೆ ಬೆಂಕಿ ಬಿತ್ತು, ಮಗುವನ್ನು ಹೇಗೋ ಹೊರಗೆ ತಂದು ಉಳಿಸಿದರು. ಮೇಬೋಲ್ ಎಂಬ ಊರಿನ ಶಾಲೆಯಲ್ಲಿ ಓದುತ್ತಿದ್ದಾಗ ಅಲ್ಲಿನ ರಸ್ತೆಯ ಒಂದು ತುಂಡಿನ ಮಾದರಿಯನ್ನು ಮಾಡಿದ್ದರೆಂಬ ಕತೆಯೂ ಇದೆ. ದೊಡ್ಡವರಾದವರ ಬಾಲ್ಯದಲ್ಲಿ ಇಂಥ ಕತೆಗಳು ಆಮೇಲೆ ಹುಟ್ಟಿಕೊಳ್ಳುವುದುಂಟು, ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ.

1770ರಲ್ಲಿ ತಂದೆ ತೀರಿಹೋದರು. ಹದಿನಾಲ್ಕರ ಹುಡುಗನನ್ನು ಹಡಗು ಹತ್ತಿಸಿ ನ್ಯೂಯಾರ್ಕಿನಲ್ಲಿ ವ್ಯಾಪಾರ ಮಾಡುತ್ತಿದ್ದ ಚಿಕ್ಕಪ್ಪನ ಬಳಿಗೆ ಕಳಿಸಿದರು. ನಮ್ಮ ಕಡೆಯಿಂದ ಹುಡುಗರನ್ನು ದುಬೈಗೋ ಸೌದಿಗೋ ಚಾಚಾನ ಅಂಗಡಿಗೆ ಕಳಿಸುವ ಹಾಗೆಯೇ ಇದು. ಅಲ್ಲಿ ಲೆಕ್ಕಪತ್ರ ಕಲಿತರು, ವ್ಯಾಪಾರ ಹಿಡಿದರು. ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾಯಿತು. ಮೆಕಾಡಂ ನಿಂತದ್ದು ಬ್ರಿಟಿಷ್ ರಾಜನ ಪಕ್ಷದಲ್ಲಿ. ಯುದ್ಧದಲ್ಲಿ ಸೆರೆ ಸಿಕ್ಕ ಹಡಗುಗಳ ಮಾಲು ಮಾರಿಸುವ ಏಜೆಂಟ್ ಆಗಿ ಚೆನ್ನಾಗಿ ಸಂಪಾದಿಸಿದರು. 1778ರಲ್ಲಿ ಗ್ಲೋರಿಯಾನಾ ನಿಕೋಲ್ ಎಂಬ ಶ್ರೀಮಂತ ಮನೆತನದ ಹುಡುಗಿಯನ್ನು ಮದುವೆಯಾದರು. ಯುದ್ಧದಲ್ಲಿ ಬ್ರಿಟನ್ ಸೋತಿತು, ಗೆದ್ದವರು ಅವರ ಆಸ್ತಿಯ ಬಹುಭಾಗವನ್ನು ಮುಟ್ಟುಗೋಲು ಹಾಕಿಕೊಂಡರು. 1783ರಲ್ಲಿ ಹೆಂಡತಿ ಮಕ್ಕಳೊಡನೆ ಸ್ಕಾಟ್ಲೆಂಡಿಗೆ ವಾಪಸಾದರು. ಆದರೂ ಏರ್ ಪ್ರಾಂತದಲ್ಲಿ ಸಾಕ್ರಿ ಎಂಬ ಎಸ್ಟೇಟ್ ಕೊಳ್ಳುವಷ್ಟು ಹಣ ಕೈಯಲ್ಲಿ ಉಳಿದಿತ್ತು.

ಇಲ್ಲಿಂದ ಮುಂದೆ ಹದಿನೈದು ವರ್ಷ ಅವರು ಮಾಡಿದ ಕೆಲಸಗಳಲ್ಲಿ ಒಂದು ಮಾತ್ರ ನೆನಪಿಟ್ಟುಕೊಳ್ಳಬೇಕಾದದ್ದು. ತಾಯಿಯ ಕಡೆಯ ಸಂಬಂಧಿ ಡಂಡೊನಾಲ್ಡ್ ಎಂಬ ಸರದಾರರು ಕಲ್ಲಿದ್ದಲಿನಿಂದ ಡಾಮರು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಮ್ಯೂರ್‌ಕರ್ಕ್ ಎಂಬಲ್ಲಿ ಆ ಡಾಮರು ಕಾರ್ಖಾನೆಯನ್ನು ನೋಡಿಕೊಂಡವರು ಮೆಕಾಡಂ. ಡಾಮರು ಬೇಕಾಗಿದ್ದುದು ಹಡಗಿನ ತಳಕ್ಕೆ ಬಳಿಯಲು, ಮರಕ್ಕೆ ಹುಳ ಹತ್ತದಿರಲಿ ಎಂದು. ಆದರೆ ನೌಕಾಪಡೆ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಯತೊಡಗಿತು, ಡಾಮರು ಕೇಳುವವರಿಲ್ಲದಾಯಿತು. ದುಡ್ಡು ಮುಳುಗಿತು. ಆ ಕಪ್ಪು ಡಾಮರನ್ನು ರಸ್ತೆಯ ಮೇಲೆ ಸುರಿಯಬಹುದೆಂಬುದು ಮುಂದೆ ರಸ್ತೆಗೇ ಹೆಸರಾಗಲಿದ್ದ ಈ ಮನುಷ್ಯನಿಗೆ ಹೊಳೆಯಲಿಲ್ಲ. ನನಗೆ ಇದು ಅವರ ಜೀವನದ ಅತ್ಯಂತ ವಿಚಿತ್ರ ಸಂಗತಿ.

ರಸ್ತೆಯ ನಂಟು ಶುರುವಾದದ್ದೂ ಆ ದಿನಗಳಲ್ಲೇ. ಆಗ ಬ್ರಿಟನ್ನಿನ ದೊಡ್ಡ ರಸ್ತೆಗಳನ್ನು ಸರ್ಕಾರ ನೋಡಿಕೊಳ್ಳುತ್ತಿರಲಿಲ್ಲ. ಊರೂರಿನ ಟರ್ನ್‌ಪೈಕ್ ಟ್ರಸ್ಟುಗಳು ಗೇಟು ಹಾಕಿ ಟೋಲ್ ವಸೂಲಿ ಮಾಡಿ ರಸ್ತೆ ರಿಪೇರಿ ಮಾಡಿಸಬೇಕಿತ್ತು. ಟೋಲ್ ಕೊಟ್ಟೂ ಗುಂಡಿಯಲ್ಲಿ ಬೀಳುವ ಅನುಭವ ನಮಗೆ ಹೊಸದಲ್ಲವಲ್ಲ, ಅವರಿಗೂ ಹೊಸದಾಗಿರಲಿಲ್ಲ. ಮೆಕಾಡಂ ಏರ್ ಪ್ರಾಂತದ ಟ್ರಸ್ಟಿಯಾಗಿದ್ದರು. ಟೋಲ್ ಹಣ ಹೇಗೆ ಕೆಸರಿನಲ್ಲಿ ಕರಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡರು. ಸರ್ವೇಯರ್ ಎಂದು ನೇಮಕವಾಗುವವರಿಗೆ ರಸ್ತೆಯ ಗಂಧಗಾಳಿ ಇರುತ್ತಿರಲಿಲ್ಲ. ಗುಂಡಿ ಬಿದ್ದಲ್ಲಿ ಕೈಗೆ ಸಿಕ್ಕ ದಪ್ಪ ಕಲ್ಲು, ಮಣ್ಣು, ಸುಣ್ಣಕಲ್ಲಿನ ಪುಡಿ ತಂದು ಸುರಿಯುವುದು, ಮಳೆಗೆ ಅದು ಕೊಚ್ಚಿಹೋದರೆ ಇನ್ನಷ್ಟು ಸುರಿಯುವುದು, ಇದೇ ರಿಪೇರಿ.

1798ರಲ್ಲಿ ನೌಕಾಪಡೆಗೆ ಆಹಾರ ಸಾಮಗ್ರಿ ಒದಗಿಸುವ ಕೆಲಸ ಸಿಕ್ಕಿ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ಹೋದರು, ಕೆಲವು ವರ್ಷಗಳ ನಂತರ ಬ್ರಿಸ್ಟಲ್‌ನಲ್ಲಿ ನೆಲೆಸಿದರು. 1798ರಿಂದ 1814ರವರೆಗೆ ಅವರು ತಮ್ಮದೇ ಖರ್ಚಿನಲ್ಲಿ ಸುಮಾರು 30,000 ಮೈಲು ರಸ್ತೆಗಳನ್ನು ಸುತ್ತಿ ನೋಡಿದರೆಂದು ಪಾರ್ಲಿಮೆಂಟಿಗೆ ಕೊಟ್ಟ ಲೆಕ್ಕದಲ್ಲಿದೆ. ಯಾರೂ ಕಳಿಸಿದ್ದಲ್ಲ, ಸಂಬಳ ಇಲ್ಲ, ಡಿಗ್ರಿಯೂ ಇಲ್ಲ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಚಕ್ರ ಹೂಳುತ್ತದೆ, ಯಾವ ಕಲ್ಲು ಎಷ್ಟು ದಿನ ಬಾಳುತ್ತದೆ ಎಂದು ನೋಡುತ್ತ, ಬರೆದುಕೊಳ್ಳುತ್ತ ಹೋದರು. 1816ರಲ್ಲಿ ಬ್ರಿಸ್ಟಲ್ ಟ್ರಸ್ಟ್ ಅವರನ್ನು ತನ್ನ ಸರ್ವೇಯರ್ ಜನರಲ್ ಮಾಡಿಕೊಂಡಿತು. ನಮ್ಮಲ್ಲಿ ಸರ್ಕಾರಿ ನೌಕರರು ನಿವೃತ್ತಿಯ ಬೀಳ್ಕೊಡುಗೆಗೆ ಹಾರ ಹಾಕಿಸಿಕೊಳ್ಳುವ ವಯಸ್ಸಿನಲ್ಲಿ ಅವರಿಗೆ ಮೊದಲ ರಸ್ತೆ ನೌಕರಿ ಸಿಕ್ಕಿತು.

ಅವರು ಮಾಡಿದ್ದು ಕೇಳಿದರೆ ಇಷ್ಟೇನಾ ಎನ್ನಿಸುತ್ತದೆ. ಹಳೇ ರಸ್ತೆಯನ್ನು ಅಗೆದು, ಒಳಗಿದ್ದ ದಪ್ಪ ಕಲ್ಲುಗಳನ್ನು ಹೊರತೆಗೆದು, ರಸ್ತೆ ಪಕ್ಕದಲ್ಲೇ ಚಿಕ್ಕ ಜಲ್ಲಿಯಾಗಿ ಒಡೆಸಿ, ಅದನ್ನೇ ವಾಪಸು ಹರವಿಸಿದರು. ಒಂದೊಂದು ಕಲ್ಲೂ ಆರು ಔನ್ಸ್, ಅಂದರೆ ಸುಮಾರು 170 ಗ್ರಾಮಿಗಿಂತ ಹೆಚ್ಚು ತೂಗಬಾರದು. ತಪಾಸಣೆ ಮಾಡುವವರು ಜೇಬಿನಲ್ಲಿ ಪುಟ್ಟ ತಕ್ಕಡಿಯನ್ನೂ ಆರು ಔನ್ಸಿನ ಬಟ್ಟನ್ನೂ ಇಟ್ಟುಕೊಂಡು ಓಡಾಡಬೇಕು. ಜಲ್ಲಿಯ ಒಟ್ಟು ದಪ್ಪ ಸುಮಾರು 10 ಅಂಗುಲ. ಮಣ್ಣು, ಸುಣ್ಣದ ಪುಡಿ ಏನನ್ನೂ ಬೆರೆಸುವ ಹಾಗಿಲ್ಲ. ಒಡೆದ ಕಲ್ಲಿಗೆ ಮೂಲೆಗಳಿರುತ್ತವೆ, ಮೇಲೆ ಗಾಡಿ ಓಡಿದಂತೆ ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ಹಾಸು ಗಟ್ಟಿಯಾಗುತ್ತದೆ. ಹೊಳೆಯ ಉರುಟು ಕಲ್ಲಿಗೆ ಆ ಗುಣ ಇಲ್ಲ. ರಸ್ತೆಯ ನಡುಭಾಗ ಬದಿಗಿಂತ ಸ್ವಲ್ಪ ಎತ್ತರ, 30 ಅಡಿ ಅಗಲದ ರಸ್ತೆಗೆ ಮೂರೇ ಅಂಗುಲ. ಬದಿಯಲ್ಲಿ ನೀರು ಹರಿದುಹೋಗಲು ಚರಂಡಿ.

ದಪ್ಪ ಕಲ್ಲನ್ನು ಅವರು ಏಕೆ ಅಷ್ಟು ದ್ವೇಷಿಸಿದರು ಎಂಬುದು ಸನ್ನೆಗೋಲಿನ ಪಾಠ. ಚಕ್ರ ನೆಲವನ್ನು ಮುಟ್ಟುವುದು ಬಹಳ ಚಿಕ್ಕ ಜಾಗದಲ್ಲಿ. ಅಷ್ಟು ಜಾಗಕ್ಕಿಂತ ದೊಡ್ಡ ಕಲ್ಲಿನ ಒಂದು ತುದಿಯ ಮೇಲೆ ಚಕ್ರ ಬಂದರೆ ಇನ್ನೊಂದು ತುದಿ ಏಳುತ್ತದೆ. ಕಲ್ಲು ಅಲುಗಾಡಿದರೆ ಸಂದು ಬಿಡುತ್ತದೆ, ಸಂದಿನಲ್ಲಿ ನೀರು ಇಳಿಯುತ್ತದೆ, ಕೆಳಗಿನ ಮಣ್ಣು ಕೆಸರಾಗುತ್ತದೆ. ಅವರ ಇಡೀ ಸಿದ್ಧಾಂತ ನಿಂತಿರುವುದು ಈ ಮಣ್ಣಿನ ಮೇಲೆ. ಭಾರ ಹೊರುವುದು ಕಲ್ಲಲ್ಲ, ನೆಲ. ಕಲ್ಲಿನ ಪದರ ನೆಲಕ್ಕೆ ಹಿಡಿದ ಕೊಡೆ ಮಾತ್ರ. ನೆಲ ಒಣಗಿದ್ದರೆ ಎಂಥ ಭಾರವನ್ನೂ ಹೊರುತ್ತದೆ ಎಂದು ಅವರು ನಂಬಿದ್ದರು. ಅದೇ ಕಾಲದ ದೊಡ್ಡ ಎಂಜಿನಿಯರ್ ಥಾಮಸ್ ಟೆಲ್ಫರ್ಡ್ ಇದನ್ನು ಒಪ್ಪಲಿಲ್ಲ, ಅವರು ತಳದಲ್ಲಿ ದಪ್ಪ ಕಲ್ಲುಗಳನ್ನು ಕೈಯಿಂದ ಜೋಡಿಸಿ ಅಡಿಪಾಯ ಹಾಕಿಸುತ್ತಿದ್ದರು. ಟೆಲ್ಫರ್ಡ್ ರಸ್ತೆ ಬಾಳಿಕೆಯದ್ದು, ಆದರೆ ದುಬಾರಿ. ಟ್ರಸ್ಟುಗಳ ಕೈಯಲ್ಲಿ ಹಣ ಇರಲಿಲ್ಲ, ಆದ್ದರಿಂದ ಮೆಕಾಡಂ ಗೆದ್ದರು. ಯಾರು ಸರಿ ಎಂದು ಕೇಳಿದರೆ ಇಬ್ಬರೂ ಅರ್ಧರ್ಧ ಸರಿ ಎಂದೇ ನನಗೆ ತೋರುತ್ತದೆ. ಇಂದಿನ ಹೆದ್ದಾರಿಯಲ್ಲಿ ಕೆಳಗೆ ಹಲವು ಪದರಗಳ ಗಟ್ಟಿ ಅಡಿಪಾಯವೂ ಇರುತ್ತದೆ, ಮೇಲೆ ನೀರು ಇಳಿಯದ ಹೊದಿಕೆಯೂ ಇರುತ್ತದೆ.

ಕಲ್ಲು ಒಡೆದವರು ಯಾರು ಎಂಬುದನ್ನೂ ಹೇಳಬೇಕು. ರಸ್ತೆ ಬದಿಯಲ್ಲಿ ಕುಳಿತು ಸಣ್ಣ ಸುತ್ತಿಗೆ ಹಿಡಿದ ಹೆಂಗಸರು, ಮುದುಕರು, ಹುಡುಗರು. ಕುಳಿತು ಮಾಡುವ ಕೆಲಸವಾದ್ದರಿಂದ ದುರ್ಬಲರಿಗೂ ಕೂಲಿ ಸಿಗುತ್ತದೆ ಎಂದು ಮೆಕಾಡಂ ಅದನ್ನು ಒಳ್ಳೆಯದೆಂದೇ ಭಾವಿಸಿದ್ದರು. ಯುದ್ಧ ಮುಗಿದು ಕೆಲಸವಿಲ್ಲದೆ ಜನ ಅಲೆಯುತ್ತಿದ್ದ ಕಾಲ ಅದು, ಕೂಲಿ ಸಿಕ್ಕಿದ್ದು ನಿಜ. ಅಳತೆಗೆ ಕಲ್ಲು ಬಾಯಲ್ಲಿ ಹಿಡಿಯುವಷ್ಟಿದ್ದರೆ ಸಾಕು ಎಂದು ಹೇಳಿದ್ದರಂತೆ, ಒಂದು ಕಡೆ ರಾಶಿಯ ಕಲ್ಲೆಲ್ಲ ದೊಡ್ಡದಾಗಿ ಕಂಡು ವಿಚಾರಿಸಿದರೆ ಒಡೆಯುತ್ತಿದ್ದ ಮುದುಕನಿಗೆ ಹಲ್ಲೇ ಇರಲಿಲ್ಲವಂತೆ. ಈ ನಗೆಹನಿ ಇಂದಿಗೂ ಚಲಾವಣೆಯಲ್ಲಿದೆ. ನನಗೆ ಮಾತ್ರ ಅದು ಪೂರ್ತಿ ನಗು ತರಿಸುವುದಿಲ್ಲ. ಮುಂದೆ ಇಂಗ್ಲೆಂಡಿನ ಬಡವರ ವರ್ಕ್‌ಹೌಸುಗಳಲ್ಲಿ ಊಟಕ್ಕೆ ಬದಲಾಗಿ ಕಲ್ಲು ಒಡೆಸುವುದು ಶಿಕ್ಷೆಯಂತೆಯೇ ನಡೆಯಿತು.

ಈಗ ಚಕ್ರದ ವಿಷಯಕ್ಕೆ ಬರೋಣ. ಮೆಕಾಡಂ ಹುಟ್ಟುವ ಮೂರು ವರ್ಷ ಮೊದಲು, 1753ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟ್ ಒಂದು ಕಾಯಿದೆ ತಂದಿತ್ತು. ಭಾರೀ ವ್ಯಾಗನ್‌ಗಳ ಚಕ್ರ ಕನಿಷ್ಠ 9 ಅಂಗುಲ ಅಗಲ ಇರಬೇಕು. ಅಗಲ ಚಕ್ರ ರೋಲರಿನಂತೆ ರಸ್ತೆಯನ್ನು ತಟ್ಟಿ ಸಮ ಮಾಡುತ್ತದೆ, ಕಿರಿದಾದ ಚಕ್ರ ಚಾಕುವಿನಂತೆ ಸೀಳುತ್ತದೆ ಎಂಬ ಲೆಕ್ಕ. ಮುಂದಿನ ಕಾಯಿದೆಗಳು 16 ಅಂಗುಲದ ಚಕ್ರಕ್ಕೆ ಟೋಲ್ ರಿಯಾಯಿತಿಯನ್ನೂ ಕೊಟ್ಟವು. ವ್ಯಾಗನ್ ಮಾಲೀಕರು ಬುದ್ಧಿವಂತರು. ಅಗಲ ಚಕ್ರವನ್ನೇ ಮಾಡಿಸಿದರು, ಆದರೆ ಅಂಚನ್ನು ಇಳಿಜಾರಾಗಿಸಿ ನಡುವಿನ ಕಬ್ಬಿಣದ ಪಟ್ಟಿ ಮಾತ್ರ ನೆಲಕ್ಕೆ ತಾಗುವಂತೆ ಮಾಡಿದರು. ರಿಯಾಯಿತಿಯೂ ಸಿಕ್ಕಿತು, ರಸ್ತೆಯೂ ಸೀಳಿತು. ಶಂಕುವಿನ ಆಕಾರದ ಅಗಲ ಚಕ್ರಗಳಂತೂ ನೇರ ಉರುಳದೆ ಕಲ್ಲನ್ನು ಅರೆದು ಪುಡಿ ಮಾಡುತ್ತಿದ್ದವು. ಕಾನೂನು ಅಳೆಯುವುದು ಒಂದನ್ನು, ರಸ್ತೆ ಅನುಭವಿಸುವುದು ಇನ್ನೊಂದನ್ನು.

ಮೆಕಾಡಂ ಇಲ್ಲಿ ಗಾಡಿಯವರ ಪರ ನಿಂತರು ಎನ್ನಬಹುದು. ಓಡಾಟಕ್ಕೆ ತಕ್ಕಂತೆ ರಸ್ತೆ ಮಾಡಬೇಕೇ ಹೊರತು ರಸ್ತೆ ಕೆಟ್ಟದೆಂದು ಓಡಾಟವನ್ನು ಕಟ್ಟಿಹಾಕಬಾರದು ಎಂಬುದು ಅವರ ನಿಲುವು. ಮಾಮುವಿನ ಶೆಡ್ಡಿನ ಡ್ರೈವರ್‌ಗಳು ಇದನ್ನು ಕೇಳಿದರೆ ಅವರಿಗೆ ಚಹಾ ಕುಡಿಸದೆ ಬಿಡುತ್ತಿರಲಿಲ್ಲ.

ಆದರೆ ಅವರು ಪಾರ್ಲಿಮೆಂಟ್ ಸಮಿತಿಯ ಮುಂದೆ ಹೇಳಿದ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯ. ಬ್ರಿಸ್ಟಲ್‌ನ ದಕ್ಷಿಣಕ್ಕೆ, ಸಾಮರ್‌ಸೆಟ್ ಪ್ರಾಂತದಲ್ಲಿ, ಬ್ರಿಡ್ಜ್‌ವಾಟರ್‌ನಿಂದ ಕ್ರಾಸ್ ಎಂಬ ಊರಿಗೆ ಹೋಗುವ ರಸ್ತೆ ಏಳು ಮೈಲಿಯಷ್ಟು ಜೌಗು ನೆಲದ ಮೇಲೆ ಹಾದುಹೋಗುತ್ತಿತ್ತು. ಗಾಡಿ ಹೋದರೆ ಎರಡೂ ಬದಿಯ ಚರಂಡಿಯ ನೀರು ನಡುಗುವುದು ಕಾಣುತ್ತಿತ್ತು. ಚಳಿಗೆ ತೆಳುವಾಗಿ ಕಟ್ಟಿದ ಮಂಜುಗಡ್ಡೆ ಆ ನಡುಕಕ್ಕೆ ಒಡೆಯುತ್ತಿತ್ತು. ಜೌಗು ಮುಗಿದ ಕೂಡಲೇ ಅದೇ ರಸ್ತೆ ಐದಾರು ಮೈಲು ಸುಣ್ಣಕಲ್ಲಿನ ಬಂಡೆಯ ಮೇಲೆ ಸಾಗುತ್ತಿತ್ತು. ಯಾವ ಕಡೆ ಜಲ್ಲಿ ಹೆಚ್ಚು ಸವೆಯುತ್ತದೆ? ನಾವು ಯಾರೇ ಆದರೂ ಜೌಗಿನ ಕಡೆ ಎನ್ನುತ್ತೇವೆ. ಮೆಕಾಡಂ ಲೆಕ್ಕ ಇಡಿಸಿದರು. ಜೌಗಿನ ಮೇಲೆ ಐದು ಪಾಲು ಜಲ್ಲಿ ಖರ್ಚಾದರೆ ಬಂಡೆಯ ಮೇಲೆ ಏಳು ಪಾಲು ಖರ್ಚಾಗಿತ್ತು. ಗಟ್ಟಿ ಬಂಡೆಯ ಮೇಲೆಯೇ ಸವೆತ ಹೆಚ್ಚು!

ಕಾರಣ ಸರಳ. ಬಂಡೆಯ ಮೇಲಿನ ಜಲ್ಲಿ ಅಡಿಗಲ್ಲು ಮತ್ತು ಸುತ್ತಿಗೆಯ ನಡುವೆ ಸಿಕ್ಕಂತೆ. ಮೇಲಿಂದ ಕಬ್ಬಿಣದ ಚಕ್ರ ಬಡಿಯುತ್ತದೆ, ಕೆಳಗಿನ ಬಂಡೆ ಸ್ವಲ್ಪವೂ ಬಗ್ಗುವುದಿಲ್ಲ, ನಡುವಿನ ಕಲ್ಲು ಪುಡಿಯಾಗುತ್ತದೆ. ಜೌಗಿನ ಮೇಲೆ ನೆಲವೇ ಬಗ್ಗಿ ಏಟನ್ನು ನುಂಗುತ್ತದೆ. ಅಂದರೆ ಆ ಏಳು ಮೈಲು ರಸ್ತೆಗೆ ಕೆಳಗಿನಿಂದ ಸ್ಪ್ರಿಂಗ್ ಹಾಕಿದಂತಿತ್ತು. ರಸ್ತೆಯ ಸವೆತ ಭಾರದಿಂದ ಮಾತ್ರ ಆಗುವುದಿಲ್ಲ, ಭಾರ ಹೇಗೆ ಬಡಿಯುತ್ತದೆ ಎಂಬುದರಿಂದಲೂ ಆಗುತ್ತದೆ ಎಂಬ ಮಾತು ಇದರಲ್ಲಿ ಅಡಗಿದೆ. ಸ್ಪ್ರಿಂಗನ್ನು ಮೇಲಿನಿಂದ, ಅಂದರೆ ಗಾಡಿಗೆ ಹಾಕುವ ಕಡೆಯಿಂದ ಯೋಚಿಸಿದವರೂ ಅದೇ ಕಾಲದಲ್ಲಿ ಇದ್ದರು. ಒಬಡಾಯ ಎಲಿಯಟ್ 1804ರಲ್ಲಿ ಕಬ್ಬಿಣದ ಪಟ್ಟಿಗಳನ್ನು ಎದುರುಬದುರು ಬಾಗಿಸಿ ಜೋಡಿಸಿದ ಕಮಾನಿಗೆ ಪೇಟೆಂಟ್ ಪಡೆದರು, ಐರ್ಲೆಂಡಿನ ರಿಚರ್ಡ್ ಎಜ್‌ವರ್ತ್ 1813ರಲ್ಲಿ ರಸ್ತೆ ಮತ್ತು ಗಾಡಿ ಎರಡನ್ನೂ ಸೇರಿಸಿ ಒಂದೇ ಪುಸ್ತಕ ಬರೆದರು. ಮಾಮುವಿನ ಶೆಡ್ಡಿನಲ್ಲಿ ಯು ಬೋಲ್ಟ್ ಬಿಚ್ಚಿ ಕೆಳಗಿಳಿಸುವ ಲಾರಿ ಕಮಾನು ಎಲಿಯಟ್ ಕಮಾನಿನ ಮೊಮ್ಮಗ.

ಇಲ್ಲಿ ಮೆಕಾಡಂ ಕತೆಯನ್ನು ಸ್ವಲ್ಪ ನಿಲ್ಲಿಸಿ ಆ ಐದು ಮತ್ತು ಏಳರ ಲೆಕ್ಕ ಮುಂದೆ ಎಲ್ಲಿಗೆ ಹೋಯಿತು ಎಂದು ಹೇಳುತ್ತೇನೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ ಪರೀಕ್ಷೆಗೆಂದೇ ರಸ್ತೆಗಳನ್ನು ಮಾಡಿ, ಸೈನಿಕರಿಂದ ಎರಡು ವರ್ಷ ಲಾರಿ ಓಡಿಸಿದರು. ಆಶೋ ರೋಡ್ ಟೆಸ್ಟ್ ಎಂದು ಅದರ ಹೆಸರು. ಅಲ್ಲಿಂದ ಬಂದ ನಿಯಮ ಹೀಗಿದೆ: ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಅರ್ಧ ಟನ್ನಿನ ಕಾರಿನ ಆಕ್ಸಲ್‌ಗೂ ಹತ್ತು ಟನ್ನಿನ ಲಾರಿ ಆಕ್ಸಲ್‌ಗೂ ಹೋಲಿಸಿದರೆ 1,60,000 ಪಟ್ಟು. ನಮ್ಮ ದೇಶದಲ್ಲಿ 2018ರಲ್ಲಿ ನಾಲ್ಕು ಟೈರಿನ ಒಂದು ಆಕ್ಸಲ್ ಮೇಲೆ ಹೊರಿಸಬಹುದಾದ ಭಾರವನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿದರು. ಭಾರ ಶೇಕಡಾ 13ರಷ್ಟು ಹೆಚ್ಚಿತು. ಅದನ್ನು ನಾಲ್ಕನೇ ಘಾತಕ್ಕೆ ಏರಿಸಿ ನೋಡಿ, ಹಾನಿ ಶೇಕಡಾ 60ಕ್ಕಿಂತ ಹೆಚ್ಚು ಬರುತ್ತದೆ.

ಇದು ಲಾರಿ ಅಲುಗಾಡದೆ ಹೋದರೆ. ಓಡುವ ಲಾರಿ ಅಲುಗಾಡದೆ ಇರುವುದಿಲ್ಲ. ಫಸ್ಟ್ ಪಿಯುಸಿಯ ಸಿಂಪಲ್ ಹಾರ್ಮೋನಿಕ್ ಮೋಷನ್ ಪಾಠ ನೆನಪಿಸಿಕೊಳ್ಳಿ: ಸ್ಪ್ರಿಂಗ್ ಗಡುಸಾದಷ್ಟೂ ಕಂಪನದ ಆವೃತ್ತಿ ಹೆಚ್ಚು. ಕಬ್ಬಿಣದ ಕಮಾನಿನ ಲಾರಿ ಸೆಕೆಂಡಿಗೆ ಸುಮಾರು ಮೂರು ಸಲ ಮೇಲೆ ಕೆಳಗೆ ಕುಣಿಯುತ್ತದೆ, ಗಾಳಿ ತುಂಬಿದ ಏರ್ ಸಸ್ಪೆನ್ಷನ್ ಇದ್ದರೆ ಒಂದೂವರೆ ಸಲ. ಕುಣಿದು ಕೆಳಗೆ ಬಂದಾಗ ಚಕ್ರದ ಒತ್ತಡ ಏರುತ್ತದೆ, ಮೇಲೆ ಹೋದಾಗ ಇಳಿಯುತ್ತದೆ. ಏರಿದ್ದು ಇಳಿದದ್ದು ಸರಿಹೋಯಿತಲ್ಲ ಎನ್ನಬೇಡಿ. ಒತ್ತಡ ಶೇಕಡಾ 20 ಏರಿದ ಜಾಗದಲ್ಲಿ ಹಾನಿ 2.07 ಪಟ್ಟು, ಶೇಕಡಾ 20 ಇಳಿದ ಜಾಗದಲ್ಲಿ 0.41 ಪಟ್ಟು. ಸರಾಸರಿ 1.24. ನಾಲ್ಕನೇ ಘಾತ ಸಮಪಾಲು ಮಾಡಲು ಬಿಡುವುದಿಲ್ಲ.

ಗಂಟೆಗೆ 54 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ 15 ಮೀಟರ್. ಸೆಕೆಂಡಿಗೆ ಮೂರು ಕುಣಿತವಾದರೆ ಐದು ಮೀಟರಿಗೊಂದು ಏಟು. ಒಂದೇ ತರಹದ ಲಾರಿಗಳು ಒಂದೇ ವೇಗದಲ್ಲಿ ಒಂದೇ ಗುಂಡಿಯನ್ನು ದಾಟಿದರೆ ಎಲ್ಲವೂ ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ ಬಡಿಯುತ್ತವೆ. ಒಂದು ಗುಂಡಿ ತನ್ನ ಮುಂದಿನ ಗುಂಡಿಯನ್ನು ಹೆರುತ್ತದೆ. ಹಂಪ್ ದಾಟಿದ ಮೇಲೆ ಸ್ವಲ್ಪ ದೂರಕ್ಕೆ ರಸ್ತೆ ತಗ್ಗಾಗಿರುವುದನ್ನು ಮಾಮು ಯಾವ ಸೂತ್ರವೂ ಇಲ್ಲದೆ ಎಷ್ಟೋ ವರ್ಷದ ಹಿಂದೆಯೇ ಗಮನಿಸಿದ್ದರು. ಕಮಾನಿನ ಪ್ಲೇಟುಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡರೆ ಕಮಾನು ಬಾಗುವುದೇ ಇಲ್ಲ, ಆಗ ಸ್ಪ್ರಿಂಗಿನ ಕೆಲಸವೆಲ್ಲ ಟೈರಿನ ಮೇಲೆ ಬೀಳುತ್ತದೆ. ಹೆಚ್ಚು ಲೋಡ್ ಹಾಕಲು ಮಾಲೀಕರು ಎಕ್ಸ್‌ಟ್ರಾ ಪ್ಲೇಟು ಸೇರಿಸಿ ಎನ್ನುತ್ತಾರೆ. ಸೇರಿಸಿದರೆ ಕಮಾನು ಮುರಿಯುವುದಿಲ್ಲ, ಗಡುಸಾಗುತ್ತದೆ. ಲಾರಿ ಉಳಿಯುತ್ತದೆ, ಏಟು ರಸ್ತೆಗೆ. ಮಾಮು ಹಾಗೆ ಸೇರಿಸಿಕೊಡುತ್ತಾರೆ, ಅದು ಅವರ ಹೊಟ್ಟೆಪಾಡು. ಎಷ್ಟು ಲೋಡ್ ಎಂದು ತೀರ್ಮಾನಿಸುವುದು ಅವರೂ ಅಲ್ಲ, ಡ್ರೈವರೂ ಅಲ್ಲ.

1990ರ ದಶಕದಲ್ಲಿ ಓಇಸಿಡಿ ದೇಶಗಳು ಡಿವೈನ್ ಎಂಬ ಹೆಸರಿನಲ್ಲಿ ಇದನ್ನು ಒಟ್ಟಾಗಿ ಪರೀಕ್ಷಿಸಿದವು. ನ್ಯೂಜಿಲೆಂಡಿನಲ್ಲಿ ಒಂದು ದುಂಡನೆಯ ರಸ್ತೆಯ ಮೇಲೆ ಒಂದೇ ಭಾರದ ಎರಡು ಯಂತ್ರಗಳನ್ನು ಅಕ್ಕಪಕ್ಕದ ಜಾಡಿನಲ್ಲಿ ಸುತ್ತಿಸಿದರು, ಒಂದಕ್ಕೆ ಕಬ್ಬಿಣದ ಕಮಾನು, ಒಂದಕ್ಕೆ ಏರ್. ಕಮಾನಿನ ಕಡೆಯ ಜಾಡು ಹೆಚ್ಚು ಹಾಳಾಯಿತು. ಭಾರ ಅದೇ, ರಸ್ತೆ ಅದೇ, ಬೇರೆಯಾದದ್ದು ಸ್ಪ್ರಿಂಗ್ ಮಾತ್ರ. ಯುರೋಪಿನಲ್ಲಿ ರಸ್ತೆಸ್ನೇಹಿ ಸಸ್ಪೆನ್ಷನ್ ಇದ್ದ ಲಾರಿಗಳ ಜೋಡಿ ಆಕ್ಸಲ್‌ಗೆ 18 ಟನ್ನಿನ ಬದಲು 19 ಟನ್ ಅನುಮತಿ ಕೊಟ್ಟದ್ದು ಈ ಯೋಚನೆಯಿಂದಲೇ. ಆವೃತ್ತಿ ಸೆಕೆಂಡಿಗೆ ಎರಡನ್ನು ಮೀರಬಾರದು ಎಂಬುದು ಅದರ ಷರತ್ತುಗಳಲ್ಲೊಂದು. ಆದರೆ ಅದೇ ಪರೀಕ್ಷೆಗಳು ಇನ್ನೊಂದನ್ನೂ ತೋರಿಸಿದವು. ಶಾಕ್ ಅಬ್ಸಾರ್ಬರ್ ಕೆಟ್ಟುಹೋಗಿದ್ದರೆ ಏರ್ ಸಸ್ಪೆನ್ಷನ್ ಲಾರಿ ಕಮಾನಿನ ಲಾರಿಗಿಂತಲೂ ಹೆಚ್ಚು ಕುಣಿಯಬಹುದು. ಅಗಲ ಚಕ್ರಕ್ಕೆ ರಿಯಾಯಿತಿ ಪಡೆದು ಅಂಚು ಸವರಿದ ಆ ವ್ಯಾಗನ್ ಮಾಲೀಕರು ನನಗೆ ಇಲ್ಲಿ ಮತ್ತೆ ನೆನಪಾಗುತ್ತಾರೆ.

ಮೆಕಾಡಂ ಬದುಕಿನ ಕೊನೆಯ ಇಪ್ಪತ್ತು ವರ್ಷ ಗೆಲುವಿನ ವರ್ಷಗಳು. 1816 ಮತ್ತು 1819ರಲ್ಲಿ ಬಂದ ಅವರ ಎರಡು ಪುಸ್ತಕಗಳನ್ನು ಊರೂರಿನ ಟ್ರಸ್ಟಿಗಳು ಓದಿದರು. ಮೂವರು ಗಂಡುಮಕ್ಕಳೂ ರಸ್ತೆ ಸರ್ವೇಯರ್‌ಗಳಾದರು. ಇಡೀ ದೇಶದ ರಸ್ತೆಯನ್ನು ಒಂದೇ ಕುಟುಂಬ ಹಂಚಿಕೊಂಡಿದೆ ಎಂದು ಟೀಕಿಸಿದವರೂ ಇದ್ದರು, ಟೀಕೆಯಲ್ಲಿ ಹುರುಳಿಲ್ಲದಿರಲಿಲ್ಲ. 1750ರ ದಶಕದಲ್ಲಿ ಲಂಡನ್ನಿನಿಂದ ಎಡಿನ್‌ಬರೋಗೆ ಕೋಚಿನಲ್ಲಿ ಹತ್ತು ದಿನ ಹಿಡಿಯುತ್ತಿತ್ತು, 1830ರ ದಶಕದಲ್ಲಿ ಎರಡು ದಿನದೊಳಗೆ ಹೋಗಬಹುದಾಗಿತ್ತು. 1823ರಲ್ಲಿ ಅಮೆರಿಕದ ಮೇರಿಲೆಂಡ್ ರಾಜ್ಯದಲ್ಲೂ ಈ ವಿಧಾನದ ರಸ್ತೆ ಬಂತು. ಅವರಿಗೆ ಸೋತು ಓಡಿಬಂದ ದೇಶ ಅದು!

ಹಣದ ವಿಷಯದಲ್ಲಿ ಮಾತ್ರ ಕತೆ ಬೇರೆ. ತಮ್ಮ ವಿಧಾನಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಸುತ್ತಾಟಕ್ಕೆ ಕೈಯಿಂದ ಹಾಕಿದ್ದು 5,000 ಪೌಂಡಿಗೂ ಹೆಚ್ಚು ಎಂದು ಲೆಕ್ಕ ಕೊಟ್ಟರು. ಪಾರ್ಲಿಮೆಂಟಿನಿಂದ ಬಂದದ್ದು ಕಂತಿನಲ್ಲಿ, ಮೊದಲ ಸಲ 2,000 ಪೌಂಡ್. ನೈಟ್ ಪದವಿ ಕೊಡುತ್ತೇವೆ ಎಂದಾಗ ವಯಸ್ಸಾಯಿತೆಂದು ಬೇಡವೆಂದರು. 1834ರಲ್ಲಿ ಅದು ಮಗ ಜೇಮ್ಸ್‌ಗೆ ಹೋಯಿತು. ಮೊದಲ ಹೆಂಡತಿ ತೀರಿಕೊಂಡ ಮೇಲೆ 1827ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಆನ್ ಡಿಲ್ಯಾನ್ಸಿಯವರನ್ನು ಮದುವೆಯಾದರು.

ಇಂಗ್ಲೆಂಡಿನ ಹಾಡ್ಸ್‌ಡನ್ ಎಂಬಲ್ಲಿ ಮನೆ ಮಾಡಿದ್ದರೂ ಪ್ರತಿ ಬೇಸಿಗೆಯಲ್ಲಿ ಸ್ಕಾಟ್ಲೆಂಡಿಗೆ ಹೋಗಿಬರುವುದನ್ನು ಬಿಟ್ಟಿರಲಿಲ್ಲ. 1836ರಲ್ಲಿ ಹಾಗೆ ಹೋಗಿ ವಾಪಸು ಬರುವ ದಾರಿಯಲ್ಲಿ ಮೊಫಟ್ ಎಂಬ ಊರಿನಲ್ಲಿ ಕಾಯಿಲೆ ಬಿದ್ದು ನವೆಂಬರ್ 26ರಂದು ತೀರಿಕೊಂಡರು. ವಯಸ್ಸು 80. ಅಲ್ಲೇ, ಅಜ್ಜಿಯ ಸಮಾಧಿಯ ಪಕ್ಕದಲ್ಲಿ, ಮಣ್ಣು ಮಾಡಿದರು. ಅಷ್ಟು ಹೊತ್ತಿಗೆ ರೈಲು ಬಂದಾಗಿತ್ತು, ಕೆಲವೇ ವರ್ಷಗಳಲ್ಲಿ ಕೋಚುಗಳು ಒಂದೊಂದಾಗಿ ನಿಂತವು, ಟೋಲ್ ಗೇಟುಗಳ ಆದಾಯ ಬತ್ತಿತು. ಜಲ್ಲಿ ರಸ್ತೆ ಮತ್ತೆ ಸುದ್ದಿಗೆ ಬಂದದ್ದು ಮೋಟಾರು ಕಾರು ಬಂದ ಮೇಲೆ. ಕಾರಿನ ರಬ್ಬರ್ ಚಕ್ರ ಜಲ್ಲಿಯ ನಡುವಿನ ಧೂಳನ್ನೆಲ್ಲ ಎಳೆದು ಹಾರಿಸತೊಡಗಿತು. ಜಲ್ಲಿಯನ್ನು ಡಾಮರಿನಲ್ಲಿ ಕಲಸಿ ಹಾಸುವ ವಿಧಾನಕ್ಕೆ 1902ರಲ್ಲಿ ಪೇಟೆಂಟ್ ಪಡೆದವರು ನಾಟಿಂಗ್‌ಹ್ಯಾಮ್ ಪ್ರಾಂತದ ಸರ್ವೇಯರ್ ಎಡ್ಗರ್ ಹೂಲಿ. ಮ್ಯೂರ್‌ಕರ್ಕ್‌ನ ಡಾಮರು ಕಾರ್ಖಾನೆಯಲ್ಲಿ ಮೆಕಾಡಂ ಹಣ ಕಳೆದುಕೊಂಡು ಆಗಲೇ ನೂರು ವರ್ಷ ದಾಟಿತ್ತು.